ಕಿಸೆ ಸೂರ್ಯಗಡಿಯಾರ ತಪ್ಪು ಗಂಟೆ ತೋರಿಸುತ್ತಿದೆಯೇ? ದಾವಣಗೆರೆ, ಚಿತ್ರದುರ್ಗದ ಬಿಸಿಲಲ್ಲಿ ದೋಷ ಹುಡುಕುವ ಬಗೆ

ಹಳೆಯ ಕಿಸೆ ಸೂರ್ಯಗಡಿಯಾರ ಕೈಗೆ ಬಂದವರ ದೂರು ಸಾಮಾನ್ಯವಾಗಿ ಎರಡೇ. ಒಂದು, "ಇದು ಅರ್ಧ ಗಂಟೆ ಹಿಂದಿದೆ." ಇನ್ನೊಂದು, "ಬೆಳಗ್ಗೆ ಒಂದು ಥರ ತೋರಿಸುತ್ತದೆ, ಮಧ್ಯಾಹ್ನದ ಮೇಲೆ ಇನ್ನೊಂದು ಥರ." ಮಾತು ಮುಗಿಯುವ ಮೊದಲೇ ಕೆಲವರು ಇಕ್ಕಳ ತಂದು ನೆರಳಿನ ಪಟ್ಟಿಯನ್ನು ಬಗ್ಗಿಸಲು ಕೂತಿರುತ್ತಾರೆ. ಇಕ್ಕಳ ಸದ್ಯ ಪಕ್ಕಕ್ಕಿಡಿ. ಇಂಥ ಡಯಲ್‌ಗಳಲ್ಲಿ ಬಹುಪಾಲು ಕೆಟ್ಟಿರುವುದಿಲ್ಲ. ಬೇರೆ ಊರಿಗೆ ಮಾಡಿದ್ದನ್ನು ನಾವು ಇಲ್ಲಿ ಇಟ್ಟಿರುತ್ತೇವೆ. ಇಲ್ಲವೇ ಅದು ಹೇಳುತ್ತಿರುವ ಗಂಟೆಯೇ ಬೇರೆ, ನಾವು ಮೊಬೈಲಿನಲ್ಲಿ ನೋಡುತ್ತಿರುವ ಗಂಟೆಯೇ ಬೇರೆ.

ದಾವಣಗೆರೆಯ ಚೌಕಿಪೇಟೆ ಕಡೆ ಹಿತ್ತಾಳೆ ಸಾಮಾನು ಮಾರುವವರನ್ನು ಕೇಳಿದರೆ "ಇದು ಶೋಕೇಸಿಗೆ ಸಾರ್, ಟೈಮ್ ನೋಡೋಕಲ್ಲ" ಅಂದುಬಿಡುತ್ತಾರೆ. ಕೆಲವು ಡಯಲ್‌ಗಳ ಮಟ್ಟಿಗೆ ಅದು ನಿಜವೇ. ಆದರೆ ಒಂದು ಕಾಲದಲ್ಲಿ ಯುರೋಪಿನಲ್ಲಿ ಇವು ದಿನನಿತ್ಯ ಕೆಲಸಕ್ಕೆ ಬರುವ ವಸ್ತು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನೊಳಗೆ ಮರದ ಪುಟ್ಟ ಕಿಸೆ ಡಯಲ್‌ಗಳು ಸಿಕ್ಕಿವೆ. ಜೇಬಿನ ಮುಳ್ಳಿನ ಗಡಿಯಾರ ಬಂದ ಮೇಲೂ ಇವು ಮೂಲೆಗೆ ಬೀಳಲಿಲ್ಲ. ಆ ಗಡಿಯಾರಗಳು ದಿನಕ್ಕೆ ಎಷ್ಟೋ ನಿಮಿಷ ತಪ್ಪುತ್ತಿದ್ದವು. ಅವನ್ನು ಸರಿಮಾಡಿಕೊಳ್ಳಲು ಬಿಸಿಲಲ್ಲಿ ಡಯಲ್ ಇಟ್ಟು ನೋಡಲೇಬೇಕಿತ್ತು. ಹಾಗಾಗಿ ಸರಿಯಾಗಿ ಮಾಡಿದ ಡಯಲ್ ಇಂದಿಗೂ ಗಂಟೆ ಹೇಳಬಲ್ಲದು. ಇಡುವ ಬಗೆ ಗೊತ್ತಿರಬೇಕು ಅಷ್ಟೆ.

ಮುಂದೆ ನೋಮನ್ ಅಂತ ಬರೆದಾಗಲೆಲ್ಲ ನೆರಳು ಬೀಳಿಸುವ ಓರೆ ಪಟ್ಟಿ, ಕಡ್ಡಿ ಅಥವಾ ದಾರ ಅಂತ ತಿಳಿಯಿರಿ.

ಮೊದಲು ಮೂರು ಸಲ ಓದಿ

ಮೋಡವಿಲ್ಲದ ಒಂದು ದಿನ ಆರಿಸಿಕೊಳ್ಳಿ. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೇನೂ ಬರವಿಲ್ಲ, ಅಲ್ವಾ? ಡಯಲಿನಲ್ಲೇ ಇರುವ ದಿಕ್ಸೂಚಿ ನೋಡಿ, ನೋಮನ್ ಉತ್ತರಕ್ಕೆ ಮುಖ ಮಾಡುವಂತೆ ಡಯಲನ್ನು ಸಪಾಟಾಗಿ ಇಟ್ಟು, ಒಂದೇ ಜಾಗದಲ್ಲಿ ಇಡೀ ದಿನ ಅಲುಗಿಸದೆ ಬಿಡಿ. ನೆರಳು 9ರ ಗೆರೆಗೆ ಬಂದಾಗ ಮೊಬೈಲಿನ ಗಂಟೆ ಬರೆದುಕೊಳ್ಳಿ. 12ರ ಗೆರೆಗೆ ಬಂದಾಗ ಇನ್ನೊಮ್ಮೆ, 3ರ ಗೆರೆಗೆ ಬಂದಾಗ ಮತ್ತೊಮ್ಮೆ. ಈಗ ಮೂರು ವ್ಯತ್ಯಾಸಗಳು ಕೈಯಲ್ಲಿವೆ.

ಇನ್ನು 12ರ ವ್ಯತ್ಯಾಸವನ್ನು ಮೂರರಿಂದಲೂ ಕಳೆಯಿರಿ. ಈ ಒಂದು ಕಳೆಯುವ ಲೆಕ್ಕದಲ್ಲಿ ಅರ್ಧ ರೋಗ ಬಯಲಾಗುತ್ತದೆ. ಮೂರೂ ಕಡೆ ಸೊನ್ನೆಯ ಆಸುಪಾಸು ಉಳಿದರೆ ಡಯಲಿನ ತಟ್ಟೆ ಚೆನ್ನಾಗಿದೆ. ದೋಷ ಇರುವುದು ಊರಿನ ರೇಖಾಂಶದಲ್ಲಿ, ತಾರೀಖಿನಲ್ಲಿ, ಮಟ್ಟದಲ್ಲಿ ಅಥವಾ ಉತ್ತರ ದಿಕ್ಕಿನಲ್ಲಿ. ಬೆಳಗ್ಗೆ ಒಂದು ಕಡೆಗೆ, ಮಧ್ಯಾಹ್ನದ ಮೇಲೆ ಹೆಚ್ಚುಕಮ್ಮಿ ಅಷ್ಟೇ ಇನ್ನೊಂದು ಕಡೆಗೆ ವ್ಯತ್ಯಾಸ ಉಳಿದರೆ ಡಯಲ್ ಬೇರೆ ಅಕ್ಷಾಂಶದ್ದು. ಒಂದು ದಿನ ಹೀಗೆ ಇನ್ನೊಂದು ದಿನ ಹಾಗೆ ಬಂದರೆ ದಿಕ್ಸೂಚಿಯ ಮುಳ್ಳನ್ನೋ ಸಡಿಲವಾದ ಕೀಲನ್ನೋ ನೋಡಬೇಕು.

12ರ ಓದನ್ನು ಬಿಡಬೇಡಿ. ಯಾಕೆ ಅಂದರೆ, ಲಂಡನ್ನಿಗೆ ಮಾಡಿದ ಡಯಲೊಂದನ್ನು ಮಾರ್ಚ್ ಮೂರನೇ ವಾರದಲ್ಲಿ ದಾವಣಗೆರೆಯ ಮನೆಯ ಮಾಳಿಗೆ ಮೇಲೆ ಸಪಾಟಾಗಿ ಇಟ್ಟಿರಿ ಅಂದುಕೊಳ್ಳಿ. ನೆರಳು 9ಕ್ಕೆ ಬಂದಾಗ ಮೊಬೈಲಿನಲ್ಲಿ ಸುಮಾರು 9:59 ಆಗಿರುತ್ತದೆ. 12ಕ್ಕೆ ಬಂದಾಗ 12:33. 3ಕ್ಕೆ ಬಂದಾಗ 3:07. ಬೆಳಗ್ಗೆ ಮಾತ್ರ ನೋಡಿದವರು "ಒಂದು ಗಂಟೆ ಹಿಂದೆ, ದಂಡ" ಅನ್ನುತ್ತಾರೆ. ಸಂಜೆ ಕಡೆ ಮಾತ್ರ ನೋಡಿದವರು "ಅರೆ, ಸರಿಯಾಗಿಯೇ ಇದೆಯಲ್ಲ" ಅನ್ನುತ್ತಾರೆ. ಇಬ್ಬರದೂ ತಪ್ಪು. 33 ನಿಮಿಷ ಕಳೆದು ನೋಡಿ: ಬೆಳಗ್ಗೆ 26 ಈ ಕಡೆ, ಮಧ್ಯಾಹ್ನದ ಮೇಲೆ 26 ಆ ಕಡೆ. ಎರಡು ಬೇರೆ ಬೇರೆ ದೋಷಗಳು ಬೆಳಗ್ಗೆ ಕೂಡಿಕೊಂಡು, ಮಧ್ಯಾಹ್ನದ ಮೇಲೆ ಒಂದನ್ನೊಂದು ಮುಚ್ಚಿಹಾಕಿವೆ.

ದೋಷವಲ್ಲದ ದೋಷ: 26 ನಿಮಿಷ

ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತವೆ. ಈ ಏರ್ಪಾಡು ಶುರುವಾದದ್ದು 1906ರ ಜನವರಿ 1ರಿಂದ. ಅದಕ್ಕೂ ಮೊದಲು ರೈಲಿನವರದು ಮದ್ರಾಸ್ ಟೈಮ್, ಮುಂಬೈಯವರದು ಇನ್ನೊಂದು. ಊರಿನವರಿಗೆ ನೆತ್ತಿ ಮೇಲಿನ ಸೂರ್ಯನೇ ಗಡಿಯಾರ. ದಾವಣಗೆರೆ ಇರುವುದು ಸುಮಾರು 75.9 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ನಾವು ಭಾರತದ ಗಡಿಯಾರಕ್ಕಿಂತ 26 ನಿಮಿಷ ಹಿಂದೆ. (ಮೇಲೆ ಲಂಡನ್ ಡಯಲಿನಲ್ಲಿ ಕಂಡ 26 ಅಕ್ಷಾಂಶದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಹಳೆ ಲೆಕ್ಕದಲ್ಲಿ ಒಂದು ಗಳಿಗೆಗಿಂತ ಚೂರು ಜಾಸ್ತಿ. ಚಿತ್ರದುರ್ಗ 76.4 ಡಿಗ್ರಿಯಲ್ಲಿದೆ, ಅಲ್ಲಿ 24 ನಿಮಿಷ. ಡಯಲ್ ಹೇಳುವುದು ನಮ್ಮೂರಿನ ಸೂರ್ಯನ ಗಂಟೆ. ಅದು ಸರಿಯಾಗಿದ್ದರೆ ಇಷ್ಟು ಹಿಂದೆ ಇರಲೇಬೇಕು!

ಇದರ ಮೇಲೆ ತಾರೀಖಿನ ಆಟ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ವಾಲಿದೆ. ಹಾಗಾಗಿ ಸೂರ್ಯ ವರ್ಷದಲ್ಲಿ ಕೆಲವು ದಿನ ಗಡಿಯಾರಕ್ಕಿಂತ ಮುಂದೆ, ಕೆಲವು ದಿನ ಹಿಂದೆ ಇರುತ್ತಾನೆ. ದಾವಣಗೆರೆಯಲ್ಲಿ ನೆರಳು 12ರ ಗೆರೆಗೆ ಬರುವಾಗ ಮೊಬೈಲಿನಲ್ಲಿ ಎಷ್ಟಿರಬೇಕು ಅಂತ ಬರೆದಿಟ್ಟುಕೊಳ್ಳಿ. ಫೆಬ್ರುವರಿ ಎರಡನೇ ವಾರ 12:40. ಏಪ್ರಿಲ್ ಮಧ್ಯಕ್ಕೆ 12:26. ಮೇ ಮಧ್ಯಕ್ಕೆ 12:23. ಜುಲೈ ಕೊನೆಗೆ 12:33. ಸೆಪ್ಟೆಂಬರ್ 1ರ ಹೊತ್ತಿಗೆ ಮತ್ತೆ 12:26. ನವೆಂಬರ್ ಮೊದಲ ವಾರ 12:10. ಡಿಸೆಂಬರ್ 25ಕ್ಕೆ ಪುನಃ 12:26. ಚಿತ್ರದುರ್ಗದವರು ಎಲ್ಲದರಲ್ಲೂ 2 ನಿಮಿಷ ಕಳೆದುಕೊಳ್ಳಿ. ಒಂದೇ ಡಯಲನ್ನು ದೀಪಾವಳಿ ಹೊತ್ತಿಗೆ ನೋಡಿದವರು "ಪರವಾಗಿಲ್ಲ, ಹತ್ತು ಹದಿನೈದು ನಿಮಿಷ" ಅನ್ನುವುದಕ್ಕೂ ಶಿವರಾತ್ರಿ ಹೊತ್ತಿಗೆ ನೋಡಿದವರು "ನಲವತ್ತು ನಿಮಿಷ!" ಅಂತ ಹೌಹಾರುವುದಕ್ಕೂ ಇದೇ ಕಾರಣ. ಯುರೋಪಿನಲ್ಲಿ ಮುಳ್ಳಿನ ಗಡಿಯಾರ ಮಾರುವವರು ಈ ಏರಿಳಿತದ ಪಟ್ಟಿಯನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ ಜೊತೆಗೇ ಕೊಡುತ್ತಿದ್ದರು.

ಪಟ್ಟಿ ನೆನಪಿಟ್ಟುಕೊಳ್ಳಲು ಬೇಸರವೇ? ಗೋಡೆ ಕ್ಯಾಲೆಂಡರಿನಲ್ಲಿ ಸೂರ್ಯೋದಯ, ಸೂರ್ಯಾಸ್ತ ಕೊಟ್ಟಿರುತ್ತಾರೆ. ಎರಡರ ನಡುಬಿಂದು ತೆಗೆಯಿರಿ. ಅದೇ ಆ ದಿನದ ನಿಜವಾದ ನಡುಹಗಲು. ಎರಡೂ ತಿದ್ದುಪಡಿ ಅದರೊಳಗೇ ಸೇರಿರುತ್ತವೆ. ಒಂದು ಎಚ್ಚರ: ಆ ವೇಳೆ ಬೆಂಗಳೂರಿನದಾಗಿದ್ದರೆ ದಾವಣಗೆರೆಗೆ 7 ನಿಮಿಷ, ಚಿತ್ರದುರ್ಗಕ್ಕೆ 5 ನಿಮಿಷ ಸೇರಿಸಬೇಕು.

ನಿಮ್ಮ 12ರ ಓದು ಇದಕ್ಕೆ ಐದು ನಿಮಿಷದೊಳಗೆ ಹೊಂದಿದರೆ, ಕಳೆದ ಮೇಲೆ ಉಳಿದದ್ದೂ ಸೊನ್ನೆಯಾದರೆ, ಡಯಲಿಗೆ ಏನೂ ಆಗಿಲ್ಲ. ಮುಂದೆ ಓದುವ ಅಗತ್ಯವೇ ಇಲ್ಲ. ಇದಕ್ಕಿಂತ ಜಾಸ್ತಿ ನಿಖರತೆಯನ್ನು ಕಿಸೆ ಡಯಲಿನಿಂದ ಕೇಳಬಾರದು. ಸೂರ್ಯನ ಬಿಂಬವೇ ಅರ್ಧ ಡಿಗ್ರಿ ಅಗಲ. ನೆರಳಿನ ಅಂಚು ಅಷ್ಟರಲ್ಲೇ ಎರಡು ನಿಮಿಷದಷ್ಟು ಮಸುಕಾಗಿಬಿಡುತ್ತದೆ.

ನಮ್ಮಲ್ಲಿ ದಿಕ್ಕಿಗಿಂತ ಮಟ್ಟ ದೊಡ್ಡದು

12ರ ಓದು ಹೊಂದುತ್ತಿಲ್ಲ ಅಂದರೆ ಎಲ್ಲರೂ ಮೊದಲು ದಿಕ್ಸೂಚಿಯನ್ನು ಅನುಮಾನಿಸುತ್ತಾರೆ. ನಾನು ಮೊದಲು ಅನುಮಾನಿಸುವುದು ಮೇಜನ್ನು. ನಮ್ಮ ಅಕ್ಷಾಂಶ ಸುಮಾರು 14.5 ಡಿಗ್ರಿ. ಅಂದರೆ ಇಲ್ಲಿ ಭೂಮಿಯ ಅಕ್ಷ ನೆಲಕ್ಕೆ ಬಹಳ ಹತ್ತಿರ ಮಲಗಿದಂತಿದೆ. ಡಯಲ್ ಪೂರ್ವಕ್ಕೋ ಪಶ್ಚಿಮಕ್ಕೋ ವಾಲಿದರೆ ಆ ವಾಲಿಕೆ ನೇರವಾಗಿ ಗಂಟೆಗೇ ಸೇರುತ್ತದೆ. ಒಂದು ಡಿಗ್ರಿ ವಾಲಿದರೆ ಹತ್ತಿರ ಹತ್ತಿರ 4 ನಿಮಿಷ. ಮಳೆನೀರು ಹರಿದುಹೋಗಲಿ ಅಂತ ಮಾಳಿಗೆಗೆ ಕೊಟ್ಟ ಇಳಿಜಾರೇ ಇಷ್ಟು ಹಾಳು ಮಾಡಬಲ್ಲದು. ಪಶ್ಚಿಮದ ಅಂಚು ತಗ್ಗಿದ್ದರೆ ಡಯಲ್ ಹಿಂದೆ ಬೀಳುತ್ತದೆ, ಪೂರ್ವದ ಅಂಚು ತಗ್ಗಿದ್ದರೆ ಮುಂದೆ ಓಡುತ್ತದೆ.

ಅದೇ ಉತ್ತರ ದಿಕ್ಕು ತಪ್ಪಿದರೆ? ಮಾರ್ಚ್, ಸೆಪ್ಟೆಂಬರ್ ಹೊತ್ತಿನಲ್ಲಿ 10 ಡಿಗ್ರಿ ತಪ್ಪಿಟ್ಟರೂ ನಡುಹಗಲಲ್ಲಿ ಆಗುವ ವ್ಯತ್ಯಾಸ 10 ನಿಮಿಷ ಮಾತ್ರ. ಲಂಡನ್ನಿನಲ್ಲಿ ಇಷ್ಟೇ ತಪ್ಪಿಗೆ 30 ನಿಮಿಷ ಹೋಗುತ್ತಿತ್ತು. ಡಿಸೆಂಬರಿನಲ್ಲಿ ಮಾತ್ರ ನಮ್ಮಲ್ಲೂ ಹುಷಾರಾಗಿರಬೇಕು, ಆಗ 10 ಡಿಗ್ರಿಗೆ 25 ನಿಮಿಷ ದಾಟುತ್ತದೆ.

ಹಾಗಾಗಿ ಗಾರೆ ಕೆಲಸದವರ ರಸಮಟ್ಟ ತನ್ನಿ. ಮೊದಲು ಪೂರ್ವ-ಪಶ್ಚಿಮ, ಆಮೇಲೆ ಉತ್ತರ-ದಕ್ಷಿಣ. ಡಯಲಿನಲ್ಲೇ ಇರುವ ಪುಟ್ಟ ಗುಳ್ಳೆಮಟ್ಟವನ್ನು ಸುಮ್ನೆ ನಂಬಬೇಡಿ. ಡಯಲನ್ನು ಇದ್ದ ಜಾಗದಲ್ಲೇ ಅರ್ಧ ಸುತ್ತು ತಿರುಗಿಸಿ. ಗುಳ್ಳೆ ನಡುವಿನಲ್ಲೇ ನಿಂತರೆ ಸರಿ, ಸರಿದರೆ ಮಟ್ಟವೇ ಕೆಟ್ಟಿದೆ. ತೂಗುಗುಂಡು ನೇತುಹಾಕಿದ ಡಯಲ್‌ಗಳಿಗೂ ಇದೇ ಪರೀಕ್ಷೆ.

ಈ ವಾಲಿಕೆಯನ್ನೇ ನಮ್ಮ ಕೆಲಸಕ್ಕೆ ಬಳಸಿಕೊಳ್ಳಬಹುದು. ದಾವಣಗೆರೆಯಲ್ಲಿ ಪಶ್ಚಿಮದ ಅಂಚನ್ನು ಆರೂವರೆ ಡಿಗ್ರಿ ಎತ್ತಿದರೆ 26 ನಿಮಿಷದ ತಿದ್ದುಪಡಿ ತಾನಾಗಿ ಆಗುತ್ತದೆ. 6 ಸೆಂಟಿಮೀಟರ್ ಅಗಲದ ಡಯಲಿಗೆ ಪಶ್ಚಿಮದ ಅಂಚಿನಡಿ ಸುಮಾರು 7 ಮಿಲಿಮೀಟರ್ ದಪ್ಪದ ರಟ್ಟು ಸಾಕು. ಎರಡು ಮೂರು ನಿಮಿಷ ಹೆಚ್ಚುಕಮ್ಮಿ ಬರುತ್ತದೆ, ತಾರೀಖಿನ ಏರಿಳಿತ ಹಾಗೇ ಉಳಿಯುತ್ತದೆ. ಆದರೂ ಮಕ್ಕಳಿಗೆ ತೋರಿಸಲು ಇದು ಬಲು ಚೆನ್ನ.

ದಿಕ್ಸೂಚಿಯ ರಗಳೆ

ಉತ್ತರದ ತಪ್ಪು ಇಲ್ಲಿ ಅಷ್ಟು ಕಾಡುವುದಿಲ್ಲ ಅಂದೆ. ಆದರೆ ಮುಳ್ಳು ಮೂವತ್ತು ನಲವತ್ತು ಡಿಗ್ರಿ ತಿರುಗಿ ನಿಂತರೆ ಯಾವ ಊರೂ ಕ್ಷಮಿಸುವುದಿಲ್ಲ. ಆರ್‌ಸಿಸಿ ಮಾಳಿಗೆಯೊಳಗೆ ಕಬ್ಬಿಣದ ಸರಳು, ಪಕ್ಕದಲ್ಲಿ ಕಬ್ಬಿಣದ ಕುರ್ಚಿ, ಜೇಬಿನಲ್ಲಿ ಮ್ಯಾಗ್ನೆಟ್ ಇರುವ ಮೊಬೈಲ್ ಕವರ್. ಡಯಲನ್ನು ಕೈಯಲ್ಲಿ ಸಮವಾಗಿ ಹಿಡಿದು ನಾಲ್ಕು ಹೆಜ್ಜೆ ಒಂದೇ ಗೆರೆಯಲ್ಲಿ ನಡೆಯಿರಿ. ನಡೆದಂತೆ ಮುಳ್ಳು ಅತ್ತಿತ್ತ ತಿರುಗಿದರೆ ಕಬ್ಬಿಣದ ಕೆಲಸ. ಕುಂದವಾಡ ಕೆರೆ ಏರಿಯಂಥ ಬಯಲು ಜಾಗಕ್ಕೆ ಹೋಗಿ ನೋಡಿ. ಚಿತ್ರದುರ್ಗದ ಕಡೆ ನೆಲವನ್ನೂ ಅನುಮಾನಿಸಬೇಕು. ಕೋಟೆಯ ಬೆಟ್ಟ ಗ್ರಾನೈಟ್, ಅದರ ಚಿಂತೆ ಕಮ್ಮಿ. ಭೀಮಸಮುದ್ರದ ಕಡೆ ಕಬ್ಬಿಣದ ಅದಿರೇ ಇದೆ. ಅಂಥ ಕಡೆ ಮುಳ್ಳಿನ ಮಾತು ಕೇಳಬೇಡಿ.

ಹಳೆಯ ಡಯಲ್‌ಗಳ ದಿಕ್ಸೂಚಿ ಬಟ್ಟಲಲ್ಲಿ ಉತ್ತರದ ಗೆರೆಯ ಪಕ್ಕ ಇನ್ನೊಂದು ಓರೆ ಗೆರೆ ಇರುವುದುಂಟು. ಮುಳ್ಳನ್ನು ಅದರ ಮೇಲೆ ನಿಲ್ಲಿಸಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ. ಅದು ಡಯಲ್ ಮಾಡಿದ ಊರಿನ, ಮಾಡಿದ ಕಾಲದ ಲೆಕ್ಕ. ಲಂಡನ್ನಿನಲ್ಲಿ ಮುಳ್ಳು 1580ರ ಹೊತ್ತಿಗೆ ನಿಜವಾದ ಉತ್ತರದಿಂದ 11 ಡಿಗ್ರಿ ಪೂರ್ವಕ್ಕೆ ತಿರುಗಿತ್ತು. 1660ರ ಸುಮಾರಿಗೆ ನೆಟ್ಟಗೆ ಉತ್ತರಕ್ಕೆ ಬಂತು. 1820ರ ಹೊತ್ತಿಗೆ 24 ಡಿಗ್ರಿ ಪಶ್ಚಿಮಕ್ಕೆ ಹೋಗಿತ್ತು. ನಮ್ಮಲ್ಲಿ ಈಗ ಇರುವುದು ಬರೀ ಒಂದು ಡಿಗ್ರಿ ಚಿಲ್ಲರೆ ಪಶ್ಚಿಮಕ್ಕೆ. ಆ ಓರೆ ಗೆರೆಯನ್ನು ಇಲ್ಲಿ ಮರೆತುಬಿಡಿ. ಅಂದಹಾಗೆ, ಡಯಲ್ ಎಷ್ಟು ಹಳೆಯದು ಅಂತ ಅಂದಾಜು ಮಾಡಲು ಅದು ಒಳ್ಳೆಯ ಸುಳಿವು.

ಇನ್ನೊಂದು ವಿಚಿತ್ರ ದೂರು: "ಮುಳ್ಳಿನ ದಕ್ಷಿಣದ ತುದಿ ತಗ್ಗಿ ತಳಕ್ಕೆ ತಾಗುತ್ತಿದೆ." ಇಂಗ್ಲೆಂಡಿನಲ್ಲಿ ಭೂಮಿಯ ಕಾಂತ ಮುಳ್ಳಿನ ಉತ್ತರದ ತುದಿಯನ್ನು ಜೋರಾಗಿ ಕೆಳಗೆ ಎಳೆಯುತ್ತದೆ. ಅದಕ್ಕೆ ಸರಿದೂಗಲು ದಕ್ಷಿಣದ ಕಡೆ ಭಾರ ಕೊಟ್ಟಿರುತ್ತಾರೆ. ನಮ್ಮಲ್ಲಿ ಆ ಎಳೆತ ತೀರಾ ಕಮ್ಮಿ. ಕಾಂತದ ಸಮಭಾಜಕ ರೇಖೆ ಹಾದುಹೋಗುವುದೇ ದಕ್ಷಿಣ ಭಾರತದ ತುದಿಯಲ್ಲಿ. 1963ರಲ್ಲಿ ಭಾರತದಿಂದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾ ಎಂಬ ಊರನ್ನು ಆರಿಸಿದ್ದು ಅದೇ ಕಾರಣಕ್ಕೆ. ಇಲ್ಲಿ ಆ ಭಾರವೇ ಹೊರೆಯಾಗಿ ಮುಳ್ಳು ವಾಲುತ್ತದೆ. ಅದನ್ನು ಕೆರೆದು ತೆಗೆಯಲು ಹೋಗಬೇಡಿ.

ಮುಳ್ಳಿನ ಸಹವಾಸವೇ ಬೇಡ ಅನ್ನುವವರಿಗೆ ನಮ್ಮ ಹಳೆಯ ಶಂಕು ಇದೆ. ಯಜ್ಞವೇದಿಯ ಅಳತೆ ಹೇಳುವ ಹಳೆಯ ಗ್ರಂಥವಾದ ಕಾತ್ಯಾಯನ ಶುಲ್ಬಸೂತ್ರದಲ್ಲೇ ಈ ವಿಧಾನ ಬರುತ್ತದೆ. ಸಮ ನೆಲದಲ್ಲಿ ನೆಟ್ಟಗೆ ಒಂದು ಕಡ್ಡಿ ನಿಲ್ಲಿಸಿ ಸುತ್ತ ವೃತ್ತ ಎಳೆಯಿರಿ. ಬೆಳಗ್ಗೆ ನೆರಳಿನ ತುದಿ ವೃತ್ತದ ಒಳಗೆ ಬರುವ ಜಾಗ ಗುರುತು ಮಾಡಿ, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗವನ್ನೂ ಗುರುತು ಮಾಡಿ. ಎರಡನ್ನೂ ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಉತ್ತರಕ್ಕಿರುತ್ತಾನೆ, ಕಡ್ಡಿಯ ನೆರಳು ದಕ್ಷಿಣಕ್ಕೆ ಬೀಳುತ್ತದೆ. "ಮಧ್ಯಾಹ್ನದ ನೆರಳು ಬಿದ್ದ ಕಡೆ ಉತ್ತರ" ಅಂತ ಪುಸ್ತಕದಲ್ಲಿ ಓದಿದವರು ಆ ತಿಂಗಳುಗಳಲ್ಲಿ ಡಯಲನ್ನು ತಿರುವಿ ಇಡುತ್ತಾರೆ.

ಡಯಲ್ ಯಾವ ಊರಿನದು?

ಬೆಳಗ್ಗೆ ಒಂದು ಕಡೆ, ಮಧ್ಯಾಹ್ನದ ಮೇಲೆ ಇನ್ನೊಂದು ಕಡೆ ಸರಿಯುವ ದೋಷಕ್ಕೆ ಬರೋಣ. ಜಾಮಿಟ್ರಿ ಬಾಕ್ಸಿನ ಕೋನಮಾಪಕ ತೆಗೆದುಕೊಂಡು ಸಪಾಟು ಡಯಲಿನ 12ರ ಗೆರೆಗೂ 3ರ ಗೆರೆಗೂ ನಡುವಿನ ಕೋನ ಅಳೆಯಿರಿ. 38 ಡಿಗ್ರಿ ಬಂದರೆ ಲಂಡನ್ನಿನದು, 37 ಬಂದರೆ ಪ್ಯಾರಿಸ್ ಕಡೆಯದು. ದಾವಣಗೆರೆಗೆಂದೇ ಗೀಚಿದ ಡಯಲಿನಲ್ಲಿ ಇದು ಬರೀ 14 ಡಿಗ್ರಿ ಇರುತ್ತದೆ. ಲೆಕ್ಕ ಬೇಕಾದವರಿಗೆ: ಈ ಕೋನದ ಟ್ಯಾನ್ ಅಂದರೆ ಅಕ್ಷಾಂಶದ ಸೈನ್. ನೋಮನ್ ತಟ್ಟೆಯಿಂದ ಎಷ್ಟು ಎದ್ದಿದೆ ಅಂತಲೂ ಅಳೆಯಿರಿ. ಅದು ನೇರವಾಗಿ ಅಕ್ಷಾಂಶವೇ ಆಗಿರಬೇಕು. ಗೆರೆಗಳು ಒಂದು ಊರು, ನೋಮನ್ ಇನ್ನೊಂದು ಊರು ಹೇಳಿದರೆ ಯಾರೋ ನಡುವೆ ನೋಮನ್ ಬದಲಿಸಿದ್ದಾರೆ. 45 ಡಿಗ್ರಿ ಬಂದು, ಎಲ್ಲ ಗೆರೆಗಳೂ 15 ಡಿಗ್ರಿಯ ಸಮ ಅಂತರದಲ್ಲಿದ್ದು, ಮೇಲೆ ಓರೆ ನೋಮನ್ ಕೂರಿಸಿದ್ದರೆ ಅದು ಅಂಗಡಿಯವರು ಹೇಳಿದ ಶೋಕೇಸ್ ಮಾಲು. ಅದಕ್ಕೆ ಔಷಧವಿಲ್ಲ.

ಲಂಡನ್ ಡಯಲನ್ನು ಇಲ್ಲಿ ಸಪಾಟಾಗಿ ಇಟ್ಟರೆ ತಪ್ಪು ಎಲ್ಲ ಕಾಲದಲ್ಲೂ ಒಂದೇ ಇರುವುದಿಲ್ಲ. ಸೂರ್ಯನ ಲೆಕ್ಕದಲ್ಲಿ 3 ಗಂಟೆ ಆದಾಗ ಅದು ಜೂನಿನಲ್ಲಿ ಹತ್ತಿರ ಹತ್ತಿರ ನಾಲ್ಕೂವರೆ ತೋರಿಸುತ್ತದೆ. ಮಾರ್ಚ್, ಸೆಪ್ಟೆಂಬರಿನಲ್ಲಿ 3:26. ಡಿಸೆಂಬರಿನಲ್ಲಿ 2:42. ಹೀಗೆ ತಿಂಗಳು ತಿಂಗಳಿಗೆ ರಾಗ ಬದಲಿಸುವುದನ್ನು ನೋಡಿಯೇ ಜನ ಡಯಲ್ ಕೆಟ್ಟಿದೆ ಅನ್ನುವುದು.

ಪರಿಹಾರ ಸುಲಭ, ಮತ್ತು ಡಯಲಿಗೆ ಒಂದು ಗೀರೂ ಬೀಳುವುದಿಲ್ಲ. ನೋಮನ್ ಇಲ್ಲಿನ ಧ್ರುವದ ಕಡೆ ಮುಖ ಮಾಡುವಂತೆ ಇಡೀ ಡಯಲನ್ನು ವಾಲಿಸಬೇಕು. ಲಂಡನ್ 51.5, ನಾವು 14.5. ಎರಡರ ನಡುವೆ 37 ಡಿಗ್ರಿ. ದಕ್ಷಿಣದ ಅಂಚನ್ನು ಅಷ್ಟು ಮೇಲೆತ್ತಿ. ಮನೆ ಪಾಯ ಹಾಕುವಾಗ ಮೂಲೆಮಟ್ಟ ನೋಡಲು ಮೇಸ್ತ್ರಿಗಳು ಬಳಸುವ 3-4-5ರ ತ್ರಿಕೋನ ಗೊತ್ತಲ್ಲ? ತಳ 4, ಎತ್ತರ 3 ಇಟ್ಟು ರಟ್ಟು ಕತ್ತರಿಸಿದರೆ ಅದರ ಓರೆ 37 ಡಿಗ್ರಿಗೆ ಕೂದಲೆಳೆಯಷ್ಟೇ ಕಮ್ಮಿ. ಆ ಆಪಿನ ಮೇಲೆ ಡಯಲ್ ಕೂರಿಸಿ. ಪ್ಯಾರಿಸ್ ಡಯಲಾದರೆ 34.5 ಡಿಗ್ರಿ ಸಾಕು. ಒಂದು ಮಾತು: ಇಷ್ಟು ವಾಲಿಸಿದರೆ ದಿಕ್ಸೂಚಿಯ ಮುಳ್ಳು ಗಾಜಿಗೆ ತಾಗಿ ನಿಂತುಬಿಡುತ್ತದೆ. ಮೊದಲು ಉತ್ತರದ ಗೆರೆಯನ್ನು ನೆಲದ ಮೇಲೆ ಎಳೆದುಕೊಂಡು, ಆಮೇಲೆ ಆಪು ಇಡಿ.

ಇಷ್ಟಾದ ಮೇಲೂ ಡಿಸೆಂಬರಿನಲ್ಲಿ ಹೊಸ ದೂರು ಬರುತ್ತದೆ: "ಬೆಳಗ್ಗೆ 8ರವರೆಗೆ ತಟ್ಟೆಯ ಮೇಲೆ ಬಿಸಿಲೇ ಬೀಳುವುದಿಲ್ಲ, ಸಂಜೆ 4ಕ್ಕೇ ಕತ್ತಲು." ಅದು ಸಹಜ. ವಾಲಿಸಿದ ತಟ್ಟೆ ಈಗ ಲಂಡನ್ನಿನ ನೆಲಕ್ಕೆ ಸಮಾಂತರವಾಗಿದೆ. ಅಲ್ಲಿನ ಚಳಿಗಾಲದ ಎಂಟು ಗಂಟೆ ಹಗಲನ್ನೇ ಅದು ನಿಮ್ಮ ಅಂಗಳದಲ್ಲಿ ಕಾಣುತ್ತಿದೆ. ನನಗಂತೂ ಈ ಡಯಲ್‌ಗಳಲ್ಲಿ ಅತಿ ಇಷ್ಟವಾದ ಸಂಗತಿ ಇದು.

ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಮೈಕೆಲ್ ಬಟರ್‌ಫೀಲ್ಡ್ ಎಂಬ ಕುಶಲಕರ್ಮಿಯ ಹೆಸರಿನ ಮಾದರಿಯಲ್ಲಿ ನೋಮನ್ ಪಕ್ಕ ಒಂದು ಪುಟ್ಟ ಹಕ್ಕಿ ಇರುತ್ತದೆ. ಹಕ್ಕಿಯ ಕೊಕ್ಕು ಅಕ್ಷಾಂಶ ತೋರಿಸುತ್ತದೆ, ನೋಮನನ್ನು ಏರಿಸಿ ಇಳಿಸಬಹುದು. ಹಾಗಾದರೆ 14.5ಕ್ಕೆ ಇಳಿಸಿದರಾಯಿತಲ್ಲ ಅನ್ನಿಸುತ್ತದೆ. ಆಗುವುದಿಲ್ಲ. ಅದರ ಅಳತೆ 40ರಿಂದ 60ರ ಆಸುಪಾಸಿಗೆ ಮಾತ್ರ. ತಟ್ಟೆಯ ಮೇಲಿನ ಗಂಟೆಯ ಸಾಲುಗಳೂ ಆ ಊರುಗಳಿಗೇ ಗೀಚಿದವು. ಬಲವಂತವಾಗಿ ಒತ್ತಿದರೆ ಕೀಲು ಮುರಿಯುತ್ತದೆ. ಅಲ್ಲಿನ ಒಂದು ಅಕ್ಷಾಂಶಕ್ಕೆ ಇಟ್ಟು, ಆ ಸಾಲನ್ನೇ ಓದುತ್ತ, ಆಪಿನ ಮೇಲೆ ಕೂರಿಸಿ. ಜರ್ಮನಿಯ ನ್ಯೂರೆಂಬರ್ಗಿನ ದಂತದ ಮಡಚು ಡಯಲ್‌ಗಳಲ್ಲಿ ನೋಮನ್ ಅಂದರೆ ಒಂದು ದಾರ. ಅದಕ್ಕೂ ಇದೇ ಮದ್ದು. ಅಲ್ಲಿ ಇನ್ನೊಂದನ್ನು ನೋಡಬೇಕು: ದಾರ ಬಿಗಿಯಾಗಿದೆಯೇ? ಯಾವ ತೂತಿನಲ್ಲಿ ಪೋಣಿಸಿದ್ದಾರೆ? ಒಂದೊಂದು ತೂತು ಒಂದೊಂದು ಅಕ್ಷಾಂಶ.

ಉಂಗುರದ ಡಯಲ್‌ಗಳು

ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 18ನೇ ಶತಮಾನದಲ್ಲಿ ಹೇರಳವಾಗಿ ಮಾಡಿದ, ಗಂಟೆಯ ಉಂಗುರ ಮೇಲೆದ್ದು ನಿಲ್ಲುವ ಡಯಲ್ ಸಿಕ್ಕರೆ ನೀವು ಪುಣ್ಯವಂತರು. ಅದರ ಪಕ್ಕದ ಚಾಪದಲ್ಲಿ ಅಕ್ಷಾಂಶವನ್ನು ಬೇಕಾದಂತೆ ಇಡಬಹುದು, ಆಪಿನ ಗೋಜಿಲ್ಲ. ಇಲ್ಲಿ ಆಗುವ ತಪ್ಪು ಒಂದೇ. 14.5 ಅಂತ ಉಂಗುರವನ್ನು ಹೆಚ್ಚುಕಮ್ಮಿ ಮಲಗಿಸಿಬಿಡುತ್ತಾರೆ. ನೆಲಕ್ಕೆ 14.5 ಡಿಗ್ರಿ ಇರಬೇಕಾದದ್ದು ನಡುವಿನ ಕಡ್ಡಿ. ಉಂಗುರ ನಮ್ಮೂರಲ್ಲಿ ಹತ್ತಿರ ಹತ್ತಿರ ನೆಟ್ಟಗೆ, 75 ಡಿಗ್ರಿಗೆ ನಿಲ್ಲಬೇಕು.

ಇವುಗಳ ಬಗ್ಗೆ "ಆರು ತಿಂಗಳು ಕೆಲಸ ಮಾಡಿತು, ಆಮೇಲೆ ನಿಂತುಹೋಯಿತು" ಅನ್ನುವ ದೂರೂ ಉಂಟು. ಮಾರ್ಚ್ 21ರಿಂದ ಸೆಪ್ಟೆಂಬರ್ 23ರವರೆಗೆ ಬಿಸಿಲು ಉಂಗುರದ ಉತ್ತರದ ಮುಖಕ್ಕೆ ಬೀಳುತ್ತದೆ, ಉಳಿದ ಅರ್ಧ ವರ್ಷ ದಕ್ಷಿಣದ ಮುಖಕ್ಕೆ. ಕಡ್ಡಿಯನ್ನು ಆ ಕಡೆಗೆ ತಿರುಗಿಸಿ ಇಡಬೇಕು. ಆ ಎರಡು ತಾರೀಖುಗಳ ಆಸುಪಾಸಿನಲ್ಲಿ ನೆರಳು ಉಂಗುರದ ಒಳ ಅಂಚಿನ ದಪ್ಪದ ಮೇಲೆ ಬೀಳುತ್ತದೆ. ಅಲ್ಲೂ ಗೆರೆಗಳಿರುತ್ತವೆ, ನೋಡಿ.

ದಿಕ್ಸೂಚಿಯೇ ಇಲ್ಲದ, ನೇತುಹಾಕುವ ಜೋಡಿ ಉಂಗುರದ ಡಯಲ್ ಇನ್ನೊಂದಿದೆ. ಅದರ ವಿನ್ಯಾಸ 17ನೇ ಶತಮಾನದ ವಿಲಿಯಂ ಔಟ್ರೆಡ್ ಎಂಬ ಇಂಗ್ಲಿಷ್ ಗಣಿತಜ್ಞನದು. ನಡುವಿನ ಪಟ್ಟಿಯ ತೂತನ್ನು ತಾರೀಖಿಗೆ ಇಟ್ಟು, ನೇತುಹಾಕುವ ಬಳೆಯನ್ನು ಅಕ್ಷಾಂಶಕ್ಕೆ ಸರಿಸಿ, ಬೆಳಕಿನ ಚುಕ್ಕಿ ಗಂಟೆಯ ಗೆರೆಗೆ ಬೀಳುವವರೆಗೆ ತಿರುಗಿಸುವುದು. ನಡುಹಗಲಲ್ಲಿ ಚುಕ್ಕಿ ಮಾಯವಾದರೆ ಅದು ದೋಷವಲ್ಲ. ಹೊರ ಉಂಗುರವೇ ಆಗ ಬಿಸಿಲಿಗೆ ಅಡ್ಡ ನಿಂತಿರುತ್ತದೆ. ಚುಕ್ಕಿ ಗೆರೆಯ ಮೇಲೋ ಕೆಳಗೋ ತಪ್ಪಿ ಬೀಳುತ್ತಿದ್ದರೆ ತಾರೀಖಿನ ಪಟ್ಟಿ ನೋಡಿ. ಇಂಗ್ಲೆಂಡ್ 1752ರ ಸೆಪ್ಟೆಂಬರಿನಲ್ಲಿ ಕ್ಯಾಲೆಂಡರಿನಿಂದ 11 ದಿನ ತೆಗೆದುಹಾಕಿತು. ಅದಕ್ಕೂ ಹಿಂದಿನ ಡಯಲಿನಲ್ಲಿ ಹಗಲು ರಾತ್ರಿ ಸಮವಾಗುವ ದಿನ ಮಾರ್ಚ್ 10ರ ಹತ್ತಿರ ಇರುತ್ತದೆ. ಇವತ್ತಿನ ತಾರೀಖಿನಿಂದ 11 ದಿನ ಹಿಂದಕ್ಕೆ ಇಟ್ಟರೆ ಸರಿಹೋಗುತ್ತದೆ. ಜೋಗಿಮಟ್ಟಿಯ ಗಾಳಿಯಲ್ಲಿ ಮಾತ್ರ ಇದನ್ನು ಬಳಸಲು ಹೋಗಬೇಡಿ, ಉಂಗುರ ಒಂದು ಕ್ಷಣ ನಿಲ್ಲುವುದಿಲ್ಲ.

ಸೂರ್ಯನ ಎತ್ತರ ನೋಡಿ ಗಂಟೆ ಹೇಳುವ ಒಂಟಿ ಬಳೆ, ಕುರಿಗಾಹಿಗಳ ಕೊಳವೆ ಡಯಲ್‌ಗಳನ್ನು ಇಲ್ಲಿ ಸರಿಮಾಡುವ ಆಸೆ ಬಿಡುವುದು ಒಳ್ಳೆಯದು. ಲಂಡನ್ನಿನಲ್ಲಿ ಸೂರ್ಯ ವರ್ಷದಲ್ಲಿ ಯಾವತ್ತೂ 62 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಅಲ್ಲಿನ ಗೆರೆಗಳು ಅಷ್ಟಕ್ಕೇ ಮುಗಿಯುತ್ತವೆ. ನಮ್ಮ ಸೂರ್ಯ ನೆತ್ತಿಗೇ ಬರುತ್ತಾನೆ. ಆಪು ಇಟ್ಟರೂ ಪ್ರಯೋಜನವಿಲ್ಲ.

ಕೈ ಹಾಕುವ ಮೊದಲು

ನೋಮನ್ ದಪ್ಪವಾಗಿದ್ದರೆ ಅದಕ್ಕೆ ಎರಡು ಅಂಚು. ಬೆಳಗ್ಗೆ ಪಶ್ಚಿಮದ ಅಂಚಿನ ನೆರಳನ್ನು ಓದಬೇಕು, ಮಧ್ಯಾಹ್ನದ ಮೇಲೆ ಪೂರ್ವದ ಅಂಚಿನದನ್ನು. ಒಳ್ಳೆಯ ಡಯಲಿನಲ್ಲಿ 12ರ ಗೆರೆ ಜೋಡಿಯಾಗಿರುತ್ತದೆ, ನಡುವಿನ ಅಂತರ ನೋಮನ್ನಿನ ದಪ್ಪದಷ್ಟೇ.

ಹಿತ್ತಾಳೆ ಕಂಡ ತಕ್ಷಣ ಹುಣಸೆಹಣ್ಣು ಹಚ್ಚಿ ಉಜ್ಜುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ದೇವರ ದೀಪಕ್ಕೆ ಸರಿ, ಇದಕ್ಕೆ ಬೇಡ. ಹಳೆ ಡಯಲ್‌ಗಳ ಮೇಲೆ ತೆಳುವಾದ ಬೆಳ್ಳಿ ಲೇಪ ಇರಬಹುದು. ಹುಳಿ ಅದನ್ನೂ ತಿನ್ನುತ್ತದೆ, ಉಜ್ಜುವಿಕೆ ಗೆರೆಗಳನ್ನೂ ಸವೆಸುತ್ತದೆ. ಒಣ ಹತ್ತಿ ಬಟ್ಟೆ ಸಾಕು. ದಂತದ ಡಯಲ್ ಮಾರಾಟಕ್ಕಿದೆ ಅಂತ ಯಾರಾದರೂ ತಂದರೆ ಮುಟ್ಟಬೇಡಿ, ನಮ್ಮಲ್ಲಿ ದಂತದ ವ್ಯಾಪಾರ ಕಾನೂನಿಗೆ ವಿರುದ್ಧ.

ಎಲ್ಲ ನೋಡಿಯೂ ಓದು ದಿನಕ್ಕೊಂದು ಥರ ಬರುತ್ತಿದ್ದರೆ ನೋಮನ್ನಿನ ಕೀಲನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ ನೋಡಿ. ಮಡಚಿ ಬಿಚ್ಚಿ ಸವೆದ ಕೀಲಿನಲ್ಲಿ ನೋಮನ್ ಪಕ್ಕಕ್ಕೆ ಎರಡು ಡಿಗ್ರಿ ಓಲಾಡಿದರೂ ಆರೇಳು ನಿಮಿಷ ಹೋಗುತ್ತದೆ. ಅದಕ್ಕೆ ಬೆಸುಗೆ, ಅಂಟು ಯಾವುದೂ ಬೇಡ. ಕೀಲಿನ ಸಂದಿಗೆ ಸಿಗರೇಟಿನ ಪ್ಯಾಕಿನೊಳಗಿನ ತೆಳು ಕಾಗದದ ಒಂದು ಚೂರು ಸೇರಿಸಿ. ಮೂಲೆಮಟ್ಟ ಪಕ್ಕದಲ್ಲಿಟ್ಟು ನೋಮನ್ ತಟ್ಟೆಗೆ ನೆಟ್ಟಗೆ ನಿಂತಿದೆಯೇ ಅಂತ ನೋಡಿ. ಆಮೇಲೆ ಮರುದಿನ ಮತ್ತೆ 9, 12, 3ಕ್ಕೆ ಓದಿ.